ಸಹಾಯ ಬೇಕು: ಕಲಬುರಗಿಯಲ್ಲಿ ಕಾಮಿಕ್ಸ್ ಹಿಂದೆ ಆಸರೆಗೆ ಇಡುವ ಆಸಿಡ್-ಫ್ರೀ (ಆಮ್ಲವಿಲ್ಲದ) ಬೋರ್ಡ್ ಯಾರ ಹತ್ತಿರ ಸಿಗುತ್ತೆ?

ಅಮೆರಿಕದ ವ್ಯಾಲಿಯಂಟ್, ಇಮೇಜ್ ಪ್ರಕಾಶನಗಳ ತೊಂಬತ್ತರ ದಶಕದ ಸೂಪರ್‌ಹೀರೋ ಕಾಮಿಕ್ಸ್ ಸುಮಾರು 60 ಇವೆ. 6⅞ × 10½ ಇಂಚಿನ ಪಾಲಿಪ್ರೊಪಿಲೀನ್ ಬ್ಯಾಗ್ ಇದೆ. ಬೇಕಿರುವುದು ಬೋರ್ಡ್: 6¾ × 10½ ಇಂಚು, 0.6 ಮಿ.ಮೀ. ದಪ್ಪ. ಲಗ್ನಪತ್ರಿಕೆ ಅಂಗಡಿಯ ಬೂದು ರಟ್ಟು ಮಾತ್ರ ಹೇಳಬೇಡ್ರಿ. ಅದರ ಆಮ್ಲ ಹಿಂಬದಿಯ ಮುಖಪುಟಕ್ಕೆ ಇಳಿದು ಕಂದು ಕಲೆ ಬೀಳುತ್ತೆ. ಪಿವಿಸಿ ಕವರ್ ಅಂತೂ ಬೇಡವೇ ಬೇಡ, ನಮ್ಮ ಮೇ ತಿಂಗಳ ಬಿಸಿಲಿಗೆ ಶಾಯಿಗೇ ಅಂಟಿಕೊಳ್ಳುತ್ತೆ.

ಇನ್ನೊಂದು. ವ್ಯಾಲಿಯಂಟ್‌ನ ‘ಹಾರ್ಬಿಂಜರ್’ 1ನೇ ಸಂಚಿಕೆಯ (1992) ಪಿನ್ನಿಗೆ ತುಕ್ಕು ಹತ್ತಿದೆ, ಸುತ್ತ ಜೋಳದ ಕಾಳಿನಷ್ಟು ಕೆಂಪು. ಒಳಗಿನ ಕೂಪನ್ ಕತ್ತರಿಸಿಲ್ಲ. 1ರಿಂದ 6ರವರೆಗಿನ ಕೂಪನ್ ಕಳಿಸಿದವರಿಗೆ 0 ಸಂಚಿಕೆ ಕೊಡುತ್ತಿದ್ದರು, ಅದಕ್ಕೇ ಕೂಪನ್ ಇರುವ ಪ್ರತಿಗೆ ಬೆಲೆ ಹೆಚ್ಚು. ಪಿನ್ ಬದಲಿಸಿದರೆ ಗ್ರೇಡಿಂಗ್‌ನವರು (ಪ್ರತಿಯ ಸ್ಥಿತಿ ನೋಡಿ ದರ್ಜೆ ಕೊಡುವವರು) ಅದನ್ನು ಲೇಬಲ್ಲಿನಲ್ಲೇ ನಮೂದಿಸುತ್ತಾರೆ, ಹಾಗಾಗಿ ಮುಟ್ಟುವ ಮನಸ್ಸಿಲ್ಲ. ಸಿಲಿಕಾ ಜೆಲ್ ಇಟ್ಟು ತುಕ್ಕು ಅಲ್ಲೇ ನಿಲ್ಲಿಸಿದವರು ಇದ್ದರೆ, ಪೆಟ್ಟಿಗೆಗೆ ಎಷ್ಟು ಗ್ರಾಂ ಹಾಕಿದಿರಿ, ಮಳೆಗಾಲದಲ್ಲಿ ತೇವಾಂಶ ಎಷ್ಟಕ್ಕೆ ನಿಂತಿತು, ದಯವಿಟ್ಟು ತಿಳಿಸ್ರಿ. ಶೇ. 40–50 ಸಾಕು; ಅತಿಯಾಗಿ ಒಣಗಿದರೆ ಕಾಗದ ಸೆಟೆದು ಬೆನ್ನಿನ ಮಡಿಕೆ ಬಿರಿಯುತ್ತೆ.

ಬೀದರ್, ಯಾದಗಿರಿಯವರೂ ಸೇರಿದರೆ 100 ಬೋರ್ಡಿನ ಕಟ್ಟು ಒಟ್ಟಿಗೇ ತರಿಸೋಣ.