ಮಂಡ್ಯ–ತಂಜಾವೂರು ರೈತರ ಎರಡು ದಿನದ ಮಾತುಕತೆ: ಎಲ್ಲಿಂದ ಶುರು ಮಾಡೋದು?

ನಾಲೆಯಂಚು ಕೇಳಿದ್ದು:
ನೀರು ಬಳಕೆದಾರರ ಸಂಘ, ಒಂದು ಸ್ವಸಹಾಯ ಗುಂಪು, ಒಂದು ಓದುಗರ ಬಳಗ ಸೇರಿ ತಂಜಾವೂರು ಕಡೆಯ 12 ರೈತರನ್ನು ಮಂಡ್ಯಕ್ಕೆ ಕರೆಸಬೇಕೆಂದಿದ್ದೇವೆ. ಮನಸ್ಸಿನಲ್ಲಿರೋದು 2003ರ 'ಕಾವೇರಿ ಕುಟುಂಬ'ದ, ಅಂದರೆ ಎರಡೂ ರಾಜ್ಯದ ರೈತರು ಕೂತು ಮಾತಾಡಿದ ವೇದಿಕೆಯ ಮಾದರಿ. ಯಾವ ತಿಂಗಳು ಸರಿ? ಭಾಷೆಗೇನು ಮಾಡೋದು? ಕೊನೆಗೆ ಜಂಟಿ ಹೇಳಿಕೆ ಬೇಕೇ?

ಕಟ್ಟುನೀರು:
ಜೂನ್‌ನಿಂದ ಅಕ್ಟೋಬರ್ ತನಕ ಬೇಡವೇ ಬೇಡ. ಮಳೆ ಕೈಕೊಟ್ಟ ವರ್ಷ ಗಲಾಟೆ ಏಳೋದೇ ಆಗ. 2016ರದ್ದೂ 2023ರದ್ದೂ ಸೆಪ್ಟೆಂಬರ್‌ನಲ್ಲೇ. ತಮಿಳುನಾಡಿನ ಮೆಟ್ಟೂರು ಅಣೆಕಟ್ಟೆಯನ್ನು ಜೂನ್ 12ಕ್ಕೆ ತೆರೆದು ಜನವರಿ 28ಕ್ಕೆ ಮುಚ್ಚೋದು ಅಲ್ಲಿನ ವಾಡಿಕೆ. ಸಾಂಬಾ, ಅಂದರೆ ಅವರ ಮುಖ್ಯ ಭತ್ತದ ಬೆಳೆಯ ಕೊಯ್ಲು ಮುಗಿದು ಅವರ ಕೈ ಬಿಡುವಾಗೋದು ಫೆಬ್ರವರಿ ಕೊನೆಗೆ. ಆಗ ನಮ್ಮಲ್ಲಿ ಬೇಸಿಗೆ ಬೆಳೆ ನಿಂತಿರುತ್ತೆ, ತೋರಿಸೋಕೂ ಏನಾದರೂ ಇರುತ್ತೆ.

ಕಾವೇರಿ ಕುಟುಂಬ 2003ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲಿ, ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಮುಂದಾಳತ್ವದಲ್ಲಿ ಸೇರಿತು, ಜೂನ್‌ನಲ್ಲಿ ಬೆಂಗಳೂರಿನಲ್ಲಿ. ಅದರಿಂದ ಕಲಿಯಬೇಕಾದ್ದು ಒಬ್ಬರ ಗದ್ದೆಯನ್ನು ಇನ್ನೊಬ್ಬರು ನೋಡಿದ್ದು. ಹಾಗಾಗಿ ಮೊದಲ ದಿನ ಸಭಾಂಗಣದ ಬೀಗವನ್ನೇ ತೆಗೀಬೇಡಿ. ಬೆಳಗ್ಗೆ ವಿಶ್ವೇಶ್ವರಯ್ಯ ನಾಲೆಯ ಒಂದು ವಿತರಣಾ ಕಾಲುವೆ ಹಿಡಿದು ತೂಬಿನಿಂದ ಕೊನೆ ಗದ್ದೆವರೆಗೆ ನಡೆಸಿ. ಕೆಆರ್‌ಎಸ್ ತುಂಬಿದ ವರ್ಷವೂ ಕೊನೆಯವನಿಗೆ ನೀರು ಸಿಕ್ಕಿಲ್ಲ ಅಂತ ಅವರು ಕಣ್ಣಾರೆ ಕಂಡರೆ, ತಂಜಾವೂರಿನ ಮುಖಜ ಪ್ರದೇಶದಲ್ಲೂ (ಡೆಲ್ಟಾ) ಇದೇ ಪಾಡು ಅನ್ನೋ ಮಾತು ತಾನಾಗೇ ಬರುತ್ತೆ. ಸನ್ಮಾನ, ಹಾರ, ಮೈಕು ಎಲ್ಲ ಬಿಡಿ. ಮೈಕು ಸಿಕ್ಕಿದ ಕೂಡಲೇ ರೈತ ಮುಖಂಡನಾಗಿಬಿಡ್ತಾನೆ.

ಪ್ರಯಾಣಕ್ಕೆ ಖಾಸಗಿ ಬಸ್ ಬೇಡ, ನಂಬರ್ ಪ್ಲೇಟ್ ನೋಡಿ ತಡೆಯೋದು ಇದ್ದದ್ದೇ. ಮಯಿಲಾಡುದುರೈ ಮಾರ್ಗದ ರೈಲು ತಂಜಾವೂರಿನಲ್ಲೂ ನಿಲ್ಲುತ್ತೆ, ಮಂಡ್ಯದಲ್ಲೂ ನಿಲ್ಲುತ್ತೆ.

ಏರಿ_ಕೆರೆ:
ಭಾಷೆಯ ಬಗ್ಗೆ. ಎರಡೂ ಭಾಷೆ ಹತ್ತಿರದವು ಅನ್ನೋದೇ ಅಪಾಯ, ಅರ್ಥವಾಯ್ತು ಅಂತ ಇಬ್ಬರೂ ತಲೆಯಾಡಿಸಿಬಿಡ್ತಾರೆ. ತಮಿಳಿನ 'ಏರಿ' ಅಂದರೆ ನಮ್ಮ ಕೆರೆ. ನಮ್ಮ ಏರಿ ಅವರಿಗೆ 'ಕರೈ'. ಅವರು "ಏರಿ ತುಂಬಿತು" ಅಂದಾಗ ನಮ್ಮವರಿಗೆ ಏರಿ ಮೇಲೆ ನೀರು ಹರಿದ ಚಿತ್ರ! 'ವಯಲ್' ಅವರಿಗೆ ಭತ್ತದ ಗದ್ದೆ, ನಮಗೆ ಬಯಲು ಅಂದರೆ ಬರೀ ಬಯಲು. ತಿಂಗಳ ಲೆಕ್ಕವೂ ಅಷ್ಟೇ: ಅವರ ಆಡಿ ಸೌರಮಾನ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯಕ್ಕೆ. ನಮ್ಮ ಆಷಾಢ ಚಾಂದ್ರಮಾನ, ಸಾಮಾನ್ಯವಾಗಿ ಅದಕ್ಕಿಂತ ಮೊದಲೇ ಬರುತ್ತೆ. ಬಿತ್ತನೆ ಮಾತು ಬಂದಾಗ ಇಂಗ್ಲಿಷ್ ತಿಂಗಳಲ್ಲೇ ಹೇಳಿಸಿ.

ಜಮೀನಿನ ಅಳತೆ: ಅವರ 1 ವೇಲಿ ಅಂದರೆ 20 ಮಾ, ಸುಮಾರು 6.6 ಎಕರೆ. 1 ಮಾ ಅಂದರೆ ನಮ್ಮ 13 ಗುಂಟೆ. ಇಳುವರಿಯನ್ನು ಮೂಟೆಯಲ್ಲಿ ಹೇಳಿದರೆ ಮೂಟೆಗೆ ಎಷ್ಟು ಕೆಜಿ ಅಂತ ಅಲ್ಲೇ ಕೇಳಿಬಿಡಿ. ಇಂಥ 40 ಪದಗಳ ಒಂದು ಹಾಳೆ, ಎರಡೂ ಲಿಪಿಯಲ್ಲಿ, ಎಲ್ಲರ ಜೇಬಿನಲ್ಲಿರಲಿ.

ಅನುವಾದಕ್ಕೆ ಕೊಳ್ಳೇಗಾಲ, ತಾಳವಾಡಿ ಕಡೆಯ ವ್ಯವಸಾಯ ಗೊತ್ತಿರುವವರು ಇಬ್ಬರು ಬೇಕು, ಒಬ್ಬರು ಸಾಲದು. ಅರ್ಧ ಗಂಟೆಗೊಮ್ಮೆ ಬದಲಾಗಲಿ. ಮಾತು ಎರಡು ಸಲ ಆಗಬೇಕಾದ್ದರಿಂದ ಆರು ಗಂಟೆಯ ಸಭೆಯಲ್ಲಿ ಮೂರೇ ಗಂಟೆಯ ವಿಷಯ ಹಿಡಿಸೋದು. ಇಂಗ್ಲಿಷ್‌ಗೆ ಜಾರಿದರೆ ಇಂಗ್ಲಿಷ್ ಬಲ್ಲ ನಾಲ್ವರು ಮಾತಾಡ್ತಾರೆ, ಉಳಿದವರು ಟೀಗೆ ಕಾಯ್ತಾರೆ.

ಬಿಳಿಗುಂಡ್ಲು_ಲೆಕ್ಕ:
ಮೇಲಿನ ಎರಡೂ ಸರಿ. ಆದರೆ ಪಾಲು ಹಂಚೋ ಮಾತು ಎತ್ತಿದರೆ ಮಾತುಕತೆ ಅಲ್ಲಿಗೇ ಮುಗೀತು. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಟಿಎಂಸಿ (1 ಟಿಎಂಸಿ ಅಂದರೆ 100 ಕೋಟಿ ಘನ ಅಡಿ) ಅಂತ ಆಗಿದೆ. ಗಡಿಯಲ್ಲಿ ನೀರು ಅಳೆಯೋ ಜಾಗ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಹರಿಯಬೇಕು. 24 ಜನ ಕೂತು ಇದನ್ನು ಬದಲಿಸೋಕಾಗಲ್ಲ. ಮಾತಾಡಬೇಕಾದ್ದು ಮಳೆ ಕೈಕೊಟ್ಟ ವರ್ಷ ಯಾರು ಏನು ಬಿತ್ತಬೇಕು, ಯಾವ ವಾರ ನೀರು ತಪ್ಪಿದರೆ ಪೈರು ಹೋಗುತ್ತೆ ಅನ್ನೋದು.

ಎಲ್ಲಕ್ಕೂ ಮೊದಲು ಅಂಕಿ ಒಂದು ಮಾಡಿಕೊಳ್ಳಿ. ದಿನವಿಡೀ 11,574 ಕ್ಯೂಸೆಕ್ಸ್ (ಸೆಕೆಂಡಿಗೆ ಅಷ್ಟು ಘನ ಅಡಿ) ಹರಿದರೆ 1 ಟಿಎಂಸಿ. 2023ರ ಆಗಸ್ಟ್ ಕೊನೆಯ 5,000 ಕ್ಯೂಸೆಕ್ಸ್, 15 ದಿನದ ಆದೇಶ ಅಂದರೆ ಸುಮಾರು 6.5 ಟಿಎಂಸಿ. ನಮ್ಮವರು ನೋಡೋದು ಕೆಆರ್‌ಎಸ್ ಹೊರಹರಿವು, ಅವರು ನೋಡೋದು ಮೆಟ್ಟೂರು ಒಳಹರಿವು. ನಡುವೆ ಕಬಿನಿ ಸೇರುತ್ತೆ, ಹಳ್ಳಗಳು ಸೇರುತ್ತವೆ, ನೀರು ತಲುಪೋಕೆ ದಿನಗಳೂ ಬೇಕು. ಒಂದೇ ದಿನದ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಯಾರೋ ಸುಳ್ಳು ಹೇಳ್ತಿದ್ದಾರೆ ಅಂತಲೇ ಕಾಣೋದು. ಕೇಂದ್ರ ಜಲ ಆಯೋಗದ ಬಿಳಿಗುಂಡ್ಲು ಮಾಪನದ ಅಂಕಿ ಒಂದನ್ನೇ ಗೋಡೆಗೆ ಅಂಟಿಸಿ.

ಹೇಳಿಕೆ ಕೊಡೋದಾದರೆ ಅರ್ಧ ಪುಟ, ಅಂಕಿ ಇರಬಾರದು. ಕನ್ನಡದ ಪ್ರತಿಯನ್ನು ಅವರ ಅನುವಾದಕ ತಮಿಳಲ್ಲಿ ಓದಿ ಹೇಳಲಿ, ತಮಿಳಿನದನ್ನು ನಮ್ಮವರು ಕನ್ನಡದಲ್ಲಿ. ತಪ್ಪೆಲ್ಲ ಸಿಕ್ಕಿಬೀಳೋದು ಅಲ್ಲೇ. 'ಬಿಟ್ಟುಕೊಡೋದು' ಅನ್ನೋ ಪದ ಎಲ್ಲೂ ಇರಬಾರದು. ಎರಡೂ ಒಂದೇ ಗಂಟೆಗೆ ಹೊರಡಲಿ, ಹೆಸರಿಲ್ಲದೆ. ಬಂದವರು ಊರಿಗೆ ವಾಪಸ್ ಹೋಗಿ ಬದುಕಬೇಕು ತಾನೆ.

ನಾಲೆಯಂಚು:
ಪದಗಳ ಹಾಳೆ ಇವತ್ತೇ ಶುರು ಮಾಡ್ತೀವಿ. ಮಾರ್ಚ್ ಮೊದಲ ವಾರ ಅಂತಿಟ್ಟುಕೊಂಡರೆ ರೈಲು ಟಿಕೆಟ್ ಯಾವಾಗ ಮಾಡಿಸಬೇಕು?

ಕಟ್ಟುನೀರು:
ಬುಕಿಂಗ್ ತೆರೆದ ದಿನವೇ. ಬೋಗಿ ಒಂದೇ ಇರಲಿ, ಮಹಿಳೆಯರಿದ್ದರೆ ಕೆಳಗಿನ ಬರ್ತ್ ಕೇಳಿ. ಊಟಕ್ಕೆ ಮುದ್ದೆ ಇಡಿ, ಆದರೆ ಪಕ್ಕದಲ್ಲಿ ಅನ್ನವೂ ಇರಲಿ.