ಜೈಲಿನಿಂದ ಮನೆಗೆ ಬರೆದ ಪತ್ರಗಳು: ಹಿನ್ನೆಲೆ ತಿಳಿಯುವುದು ಹೇಗೆ?

ಓಲೆಗರಿ:
ಪತ್ರಾಗಾರವೊಂದರಲ್ಲಿ ರಾಜಕೀಯ ಕೈದಿಯೊಬ್ಬರ ಸುಮಾರು 40 ಪತ್ರಗಳಿವೆ. ಹೆಚ್ಚಿನವುಗಳಲ್ಲಿ ‘ಆರೋಗ್ಯವಾಗಿದ್ದೇನೆ, ಚಿಂತೆ ಬೇಡ’ ಅಷ್ಟೇ. ನಡುವೆ ಐದು ತಿಂಗಳು ಪತ್ರವೇ ಇಲ್ಲ. ಕೆಲವು ಟೈಪ್ ಮಾಡಿದ ಪ್ರತಿಗಳು. ಇವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಕಡತಗಣ್ಣು:
ಒಳಗೇನಿದೆ ಎಂದು ಓದುವ ಮೊದಲು ಪತ್ರ ಯಾವ ಕಡತದಲ್ಲಿದೆ ನೋಡಿ. ಮನೆಯವರು ಕೊಟ್ಟ ಸಂಗ್ರಹದಲ್ಲಿದ್ದರೆ ಅದು ಬಹುಶಃ ತಲುಪಿದೆ. ಮೂಲ ಕೈಬರಹವೇ ಜೈಲಿನ ಕಡತದಲ್ಲಿದ್ದರೆ ತಡೆಹಿಡಿದಿರುವ ಸಾಧ್ಯತೆ ಹೆಚ್ಚು. ಟೈಪ್ ಪ್ರತಿ ಇನ್ನೊಂದು ಕಥೆ: ಮೂಲವನ್ನು ಕಳಿಸಿ ನಕಲು ಇಟ್ಟುಕೊಂಡಿರಬಹುದು, ತಡೆಹಿಡಿದು ಮೇಲಧಿಕಾರಿಗೆ ವರದಿ ಮಾಡಿರಲೂಬಹುದು. ಹಿಂದು ಮುಂದಿನ ಹಾಳೆಗಳನ್ನು ಓದದೆ ತೀರ್ಮಾನಕ್ಕೆ ಬರಬೇಡಿ. ಪತ್ರಗಳನ್ನಷ್ಟೇ ಆರಿಸಿ ಫೋಟೊ ತೆಗೆದುಕೊಂಡು ಬರುವವರು ಎಡವುವುದು ಇಲ್ಲೇ.

ಮಸಿಗೆರೆ:
ಆ ಜೈಲಿನ ಆ ವರ್ಷದ ಪತ್ರ ನಿಯಮ ಹುಡುಕಿ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಮಂಡೇಲಾ ಮೊದಲಿಗೆ ‘ಡಿ’ ದರ್ಜೆಯ, ಅಂದರೆ ಅತಿ ಕಡಿಮೆ ಸವಲತ್ತಿನ ಕೈದಿ. ಆರು ತಿಂಗಳಿಗೆ ಒಂದೇ ಪತ್ರ, 500 ಪದ, ಅದೂ ಮನೆಯ ವಿಚಾರ ಮಾತ್ರ. ಅಲ್ಲಿ ರಾಜಕೀಯ ಕಾಣದಿದ್ದರೆ ಅದು ಬರೆದವರ ಮನಸ್ಸಲ್ಲ, ನಿಯಮ. ಇಟಲಿಯ ಕಮ್ಯುನಿಸ್ಟ್ ನಾಯಕ ಗ್ರಾಮ್ಶಿಗೆ ಅಲ್ಲಿನ ತುರಿ ಜೈಲಿನಲ್ಲಿ ಹದಿನೈದು ದಿನಕ್ಕೊಂದು ಪತ್ರವಿದ್ದ ಕಾಲವಿತ್ತು. ಹೆಂಡತಿಯ ಅಕ್ಕ ತತಿಯಾನಾಗೆ ಬರೆದದ್ದು ನಕಲಾಗಿ ಬೇರೆಯವರಿಗೂ ಹೋಗುತ್ತಿತ್ತು. ಹೆಂಡತಿಗೆ ಬರೆದ ಪತ್ರಗಳನ್ನಷ್ಟೇ ಎಣಿಸಿ ‘ಅಕ್ಕರೆ ಕಡಿಮೆ’ ಎಂದರೆ ತಪ್ಪಾಗುತ್ತದೆ. ನಾಜಿ ಶಿಬಿರಗಳ ಪತ್ರದ ಹಾಳೆಯ ಮೇಲೆ ನಿಯಮಗಳೇ ಅಚ್ಚಾಗಿರುತ್ತಿದ್ದವು; ಬರೆಯಬೇಕಾದದ್ದು ಜರ್ಮನ್‌ನಲ್ಲಿ. ಭಾಷೆ ಬಾರದವರು ಇನ್ನೊಬ್ಬರಿಂದ ಬರೆಸುತ್ತಿದ್ದರು. ಹಾಗಾಗಿ ಅಕ್ಷರ ಬೇರೆಯಾಗಿ ಕಂಡ ಕೂಡಲೇ ಪತ್ರ ಖೋಟಾ ಎನ್ನಬೇಡಿ.

ನಿಮ್ಮ ‘ಆರೋಗ್ಯವಾಗಿದ್ದೇನೆ’ಯನ್ನು ಪತ್ರದ ತಲೆಬರಹದಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದು ಇಲ್ಲದ ಪತ್ರ ಸಿಕ್ಕರೆ ಅಲ್ಲಿ ನಿಂತು ಓದಿ.

ತಾರೀಖುಪಟ್ಟಿ:
ಐದು ತಿಂಗಳ ಖಾಲಿಗೆ ಒಂದು ಪಟ್ಟಿ ಮಾಡಿ: ಬರೆದ ದಿನ, ಸೆನ್ಸಾರ್ ಮೊಹರಿನ ದಿನ, ಅಂಚೆ ಮುದ್ರೆಯ ದಿನ, ಕೈದಿ ಹಾಕಿದ ಕ್ರಮಸಂಖ್ಯೆ, ಯಾರ ಯಾವ ಪತ್ರಕ್ಕೆ ಉತ್ತರ. ಕ್ರಮಸಂಖ್ಯೆ 17 ಆದ ಮೇಲೆ 21 ಬಂದರೆ ಮೂರು ಪತ್ರ ಕಾಣೆಯಾಗಿವೆ. 17 ಆದ ಮೇಲೆ 18 ಇದ್ದರೆ ಆ ಅವಧಿಯಲ್ಲಿ ಬರೆದೇ ಇಲ್ಲ, ಅಥವಾ ಬರೆಯಲು ಬಿಟ್ಟಿಲ್ಲ. ಶಿಕ್ಷೆಯಾಗಿ ಪತ್ರದ ಸವಲತ್ತು ಕಿತ್ತುಕೊಳ್ಳುವುದು ಮಾಮೂಲು. ಅದೇ ತಿಂಗಳುಗಳ ಶಿಕ್ಷೆ ದಾಖಲೆ, ವರ್ಗಾವಣೆ ಆದೇಶ, ಆಸ್ಪತ್ರೆ ದಾಖಲೆ ಕೇಳಿ ತರಿಸಿಕೊಳ್ಳಿ. ಲಕೋಟೆ ಬೇರೆ ಕಟ್ಟಿನಲ್ಲಿದ್ದರೆ ಅದನ್ನೂ ಬಿಡಬೇಡಿ.

ಮಸಿ ಬಳಿದ ಸಾಲು, ಕತ್ತರಿಸಿದ ಕಿಂಡಿ ಇದ್ದರೆ ಅಳತೆ ಬರೆದುಕೊಳ್ಳಿ. ಹಾಳೆಯ ಹಿಂಬದಿಯನ್ನು ಓರೆ ಬೆಳಕಿನಲ್ಲಿ ನೋಡಿದರೆ ಪೆನ್ನು ಒತ್ತಿದ ಗುರುತು ಕೆಲವೊಮ್ಮೆ ಕಾಣುತ್ತದೆ. ಸಿಬ್ಬಂದಿಯ ಅನುಮತಿ ಇಲ್ಲದೆ ಹಾಳೆ ಎತ್ತಿ ದೀಪಕ್ಕೆ ಹಿಡಿಯಬೇಡಿ.

ಓಲೆಗರಿ:
ಟೈಪ್ ಪ್ರತಿಗಳು ಜೈಲಿನ ಕಡತದವೇ. ‘ಅತ್ತೆಯ ಮಳಿಗೆ ಮುಚ್ಚಿತೇ’ ಎಂಬ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇದೆ. ಸಂಕೇತವೇ?

ಕಡತಗಣ್ಣು:
ಸೆನ್ಸಾರ್‌ಗೆ ಅನುಮಾನ ಬಂದಿರಬಹುದು, ಗೆರೆ ಹೇಳುವುದು ಅಷ್ಟನ್ನೇ. ಅದೂ ಗೆರೆ ಆ ಕಾಲದ್ದೇ ಆಗಿದ್ದರೆ. ಮುಂಚಿನ ಸಂಶೋಧಕರೂ ಪೆನ್ಸಿಲ್ ಆಡಿಸಿರುತ್ತಾರೆ! ಆ ಅತ್ತೆಗೆ ನಿಜಕ್ಕೂ ಮಳಿಗೆ ಇತ್ತೇ ಎಂದು ಮನೆಯವರ ಉತ್ತರಪತ್ರಗಳಲ್ಲಿ ಮೊದಲು ಹುಡುಕಿ.