ಮೊದಲು ಚಿಕ್ಕ ಲೈಸೆನ್ಸಾ, ನೇರ ದೊಡ್ಡದಕ್ಕೇ ಹೋಗಲಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ಕೆಲವು ತಿಂಗಳಿಂದ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕೆ ಅಂತ ರೇಡಿಯೋದಲ್ಲಿ ಮಾತಾಡುವ ಹುಚ್ಚು ಹಿಡಿದಿದೆ. ಒಬ್ಬರು ಚಿಕ್ಕ ದರ್ಜೆಯ ಲೈಸೆನ್ಸ್ ಸಾಕು ಅಂತಾರೆ. ಇನ್ನೊಬ್ಬರು ಅದು ದಂಡ, ನೇರ ದೊಡ್ಡದಕ್ಕೇ ಕಟ್ಟಿ ಅಂತಾರೆ. ಲೈಸೆನ್ಸೇ ಬೇಡದ ವಾಕಿಟಾಕಿ ತಗೊಂಡ್ರೆ ಆಗಲ್ವಾ ಅಂತ ಮನೆಯವರು ಕೇಳುತ್ತಾರೆ. ಏನು ಮಾಡಲಿ?

ಉತ್ತರ: ನಮಸ್ಕಾರ. ಮನೆಯವರ ಪ್ರಶ್ನೆಯಿಂದಲೇ ಶುರು ಮಾಡೋಣ. ಗುಂಪಾಗಿ ಚಾರಣ ಹೋದಾಗ ಮುಂದಿದ್ದವರು ಹಿಂದಿದ್ದವರನ್ನು ಕರೆಯೋಕೆ ಆ ವಾಕಿಟಾಕಿ ಚೆನ್ನಾಗಿದೆ. ಆದರೆ ಅದರ ಚಾನೆಲ್, ಪವರ್ ಎಲ್ಲಾ ಮೊದಲೇ ಗೊತ್ತುಮಾಡಿರುತ್ತಾರೆ, ಬಿಚ್ಚಿ ಬದಲಾಯಿಸುವ ಹಾಗಿಲ್ಲ. ಹ್ಯಾಮ್ ಲೈಸೆನ್ಸ್ ಕೊಡುವುದೇ ಪ್ರಯೋಗ ಮಾಡಿ ಕಲಿಯಲಿ ಅಂತ. ನೀವೇ ಬೆಸುಗೆ ಹಾಕಿದ ಸೆಟ್ಟು, ನೀವೇ ಕಟ್ಟಿದ ಆಂಟೆನಾ ಬಳಸಿ ಮಾತಾಡಬಹುದು. ವ್ಯಾಪಾರದ ಮಾತು, ಬೇರೆಯವರಿಗೆ ಅರ್ಥವಾಗದ ಗುಪ್ತ ಭಾಷೆ ಕೂಡದು. ನಿಮಗೆ ಹುಚ್ಚು ಹಿಡಿದಿದೆ ಅಂದ ಮೇಲೆ ವಾಕಿಟಾಕಿಯಲ್ಲಿ ಅದು ತೀರಲ್ಲ.

ಇನ್ನು ದರ್ಜೆಯ ವಿಷಯ. ಯಾವ ದರ್ಜೆ ಅಂತ ಕೇಳುವ ಮೊದಲು, ನಿಮ್ಮ ದನಿ ಎಲ್ಲಿಯವರೆಗೆ ಹೋಗಬೇಕು ಅಂತ ಕೇಳಿಕೊಳ್ಳಿ. ಹ್ಯಾಮ್‌ಗಳಿಗೆ ಬಿಟ್ಟಿರುವ ಆವರ್ತನದ ಒಂದೊಂದು ಪಟ್ಟಿಗೆ ಬ್ಯಾಂಡ್ ಅಂತಾರೆ. 144 ಮೆಗಾಹರ್ಟ್ಸ್ ಸುತ್ತಿನ 2 ಮೀಟರ್ ಬ್ಯಾಂಡ್ ಸಾಮಾನ್ಯವಾಗಿ ಕಣ್ಣಿಗೆ ಕಾಣುವಷ್ಟು ದೂರವನ್ನೇ ಮುಟ್ಟುತ್ತದೆ. ಎತ್ತರದಲ್ಲಿ ಒಂದು ರಿಪೀಟರ್ (ಕೇಳಿದ್ದನ್ನು ಮತ್ತೆ ಕಳಿಸುವ ಸೆಟ್ಟು) ಇದ್ದರೆ ಇನ್ನಷ್ಟು ದೂರ. ಅದೇ 7 ಅಥವಾ 14 ಮೆಗಾಹರ್ಟ್ಸ್‌ನ ಅಲೆ ಮೇಲಕ್ಕೆ ಹೋಗಿ, ವಾತಾವರಣದ ಮೇಲ್ಪದರವಾದ ಅಯಾನುಗೋಳದಲ್ಲಿ ಬಾಗಿ, ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಈ ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಬ್ಯಾಂಡುಗಳಲ್ಲಿ ಮಾತಾಡೋಕೆ ನಿಮ್ಮ ಚಿಕ್ಕ ದರ್ಜೆ ಬಿಡುತ್ತದಾ? ಇಡೀ ತೀರ್ಮಾನ ನಿಂತಿರುವುದು ಇದರ ಮೇಲೆ.

ಚಿಕ್ಕ ದರ್ಜೆ ಅಂದರೆ ಎಲ್ಲಾ ಕಡೆ ಒಂದೇ ಅಲ್ಲ. ಬ್ರಿಟನ್ನಿನ ಫೌಂಡೇಶನ್ ದರ್ಜೆಯವರಿಗೆ ಹೆಚ್ಚಿನ ಎಚ್‌ಎಫ್ ಬ್ಯಾಂಡುಗಳು ತೆರೆದಿವೆ, ಪವರ್ ಮಿತಿ ಮಾತ್ರ 25 ವ್ಯಾಟ್. ಅಮೆರಿಕದ ಟೆಕ್ನೀಶಿಯನ್ ದರ್ಜೆಯವರು ಎಚ್‌ಎಫ್‌ನಲ್ಲಿ ದನಿಯಲ್ಲಿ ಮಾತಾಡಬಹುದಾದದ್ದು 10 ಮೀಟರ್ ಬ್ಯಾಂಡಿನ ಒಂದು ತುಂಡಿನಲ್ಲಿ ಮಾತ್ರ. ಆದರೆ ಅಲ್ಲಿ ಟೆಕ್ನೀಶಿಯನ್ನಿಗೂ ಅದರ ಮೇಲಿನ ‘ಜನರಲ್’ ದರ್ಜೆಗೂ 35 ಪ್ರಶ್ನೆಗಳ ಪರೀಕ್ಷೆಯೇ, 26 ಸರಿಯಾದರೆ ಪಾಸು. ಅಂಥ ಕಡೆ ದೂರದ ಮಾತು ಬೇಕಿದ್ದವರು ಎರಡನ್ನೂ ಒಟ್ಟಿಗೆ ಓದಿಬಿಡುವುದೇ ಒಳ್ಳೆಯದು. ಚಿಕ್ಕ ದರ್ಜೆಯಲ್ಲೇ ಎಚ್‌ಎಫ್ ಸಿಗುವುದಾದರೆ ಕಾಯಬೇಡಿ. ಆ ಪರೀಕ್ಷೆ ಬರೆದು, ಕಾಲ್ ಸೈನ್ (ರೇಡಿಯೋದಲ್ಲಿ ನಿಮ್ಮ ಗುರುತಿನ ಹೆಸರು) ತಗೊಂಡು, ಮಾತಾಡೋಕೆ ಶುರು ಮಾಡಿ. ದೊಡ್ಡದಕ್ಕೆ ಅಂತ ವರ್ಷಗಟ್ಟಲೆ ತಯಾರಿ ಮಾಡುತ್ತಾ ಒಂದು ಸಲವೂ ಮೈಕ್ ಒತ್ತದೆ ಬಿಟ್ಟವರನ್ನು ನಾನು ಪಾಠ ಹೇಳುವಾಗ ನೋಡಿದ್ದೇನೆ. ತುಂಬಾ ಬೇಜಾರಾಗುತ್ತದೆ.

ಪ್ರಶ್ನೆ: ಸರ್, ಚಿಕ್ಕ, ಉದ್ದ ಸದ್ದಿನಲ್ಲೇ ಅಕ್ಷರ ಕಳಿಸುವ ಮೋರ್ಸ್ ಅಂದರೆ ಭಯ. ಇನ್ನೊಂದು, ಪವರ್ ಕಡಿಮೆ ಇದ್ದರೆ ನಮ್ಮ ದನಿ ಯಾರಿಗೂ ಕೇಳಿಸಲ್ಲ ಅಂತಾರೆ, ನಿಜಾನಾ?

ಉತ್ತರ: ಮೊದಲೆಲ್ಲಾ 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಮಾತಾಡಬೇಕಿದ್ದರೆ ಮೋರ್ಸ್ ಬರಲೇಬೇಕಿತ್ತು. 2003ರ ವಿಶ್ವ ರೇಡಿಯೋ ಸಮ್ಮೇಳನ ಅದನ್ನು ಆಯಾ ದೇಶಕ್ಕೆ ಬಿಟ್ಟಿತು. ಅಮೆರಿಕ 2007ರಲ್ಲಿ ಪೂರ್ತಿ ತೆಗೆದುಹಾಕಿತು. ಹಾಗಾಗಿ ನಿಮಗೆ ಅನ್ವಯಿಸುವ ನಿಯಮ ನೋಡಿದ ಮೇಲೆ ಭಯಪಡಿ, ಅದಕ್ಕೂ ಮೊದಲು ಬೇಡ. ಕಲಿಯಲೇಬೇಕಾದರೆ ಚುಕ್ಕೆ, ಗೆರೆ ಅಂತ ಕಾಗದದ ಮೇಲೆ ಬರೆದು ಬಾಯಿಪಾಠ ಮಾಡಬೇಡಿ. ‘ಡಿಡಾ’ ಅಂತ ಕೇಳಿದೊಡನೆ ‘ಎ’ ಅಂತ ಕೈ ಬರೆಯಬೇಕು. ನಡುವೆ ಎಣಿಸೋಕೆ ಹೋದರೆ ಮುಂದಿನ ಎರಡು ಅಕ್ಷರ ತಪ್ಪಿಹೋಗುತ್ತವೆ. ದಿನಕ್ಕೆ ಕಾಲು ಗಂಟೆ ಕಿವಿಗೆ ಬಿದ್ದರೆ ಸಾಕು, ಒಂದು ದಿನವೂ ಬಿಡಬೇಡಿ.

ಪವರ್ ಬಗ್ಗೆ ಜನ ಸುಮ್ನೆ ಹೆದರಿಸುತ್ತಾರೆ. ರಿಸೀವರಿನಲ್ಲಿ ಸಿಗ್ನಲ್ ತೋರಿಸುವ ಎಸ್ ಮೀಟರ್ ಇರುತ್ತದಲ್ವಾ, ಅದರ ಮುಳ್ಳು ಒಂದು ಮನೆ ಮೇಲೇರಬೇಕಾದರೆ ಪವರ್ ನಾಲ್ಕು ಪಟ್ಟಾಗಬೇಕು. ಅಂದರೆ 25 ವ್ಯಾಟ್‌ಗೂ 100 ವ್ಯಾಟ್‌ಗೂ ಇರುವುದು ಒಂದೇ ಮನೆ ವ್ಯತ್ಯಾಸ. ಎದುರಿನವರಿಗೆ ಗದ್ದಲ ಕಡಿಮೆ ಇದ್ದರೆ ಇದು ಗೊತ್ತೇ ಆಗಲ್ಲ. 5 ವ್ಯಾಟ್‌ನಲ್ಲಿ ಖಂಡ ದಾಟಿ ಮಾತಾಡುವುದನ್ನೇ ಹಟವಾಗಿ ಇಟ್ಟುಕೊಂಡವರೂ ಇದ್ದಾರೆ. ದೊಡ್ಡ ದರ್ಜೆಯ ಪವರ್ ಮಿತಿ ನೋಡಿ ಮನಸ್ಸು ಕೊಡಬೇಡಿ, ತೆರೆದಿರುವ ಬ್ಯಾಂಡುಗಳ ಪಟ್ಟಿ ನೋಡಿ.

ಪ್ರಶ್ನೆ: ಹಾಗಿದ್ದರೆ ಪರೀಕ್ಷೆ ಆಗುವವರೆಗೆ ಏನು ಮಾಡಲಿ?

ಉತ್ತರ: ಕೇಳಿ. ಎಷ್ಟೋ ದೇಶಗಳಲ್ಲಿ ಹ್ಯಾಮ್ ಬ್ಯಾಂಡ್ ಕೇಳೋಕೆ ಲೈಸೆನ್ಸ್ ಬೇಡ, ನಿಮ್ಮಲ್ಲಿ ಹೇಗೆ ಅಂತ ಒಮ್ಮೆ ನೋಡಿಕೊಳ್ಳಿ. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ರಿಸೀವರನ್ನು ಇಂಟರ್ನೆಟ್ಟಿನಲ್ಲೇ ತಿರುಗಿಸಿ ಕೇಳಬಹುದು. ಹಗಲಲ್ಲಿ 14 ಮೆಗಾಹರ್ಟ್ಸ್, ರಾತ್ರಿ 7 ಮೆಗಾಹರ್ಟ್ಸ್ ಇಟ್ಟು ಕೂತುಕೊಳ್ಳಿ. ಒಬ್ಬರು ಕಾಲ್ ಸೈನ್ ಹೇಗೆ ಬಿಡಿಸಿ ಹೇಳುತ್ತಾರೆ, ಇನ್ನೊಬ್ಬರ ಸರದಿಗೆ ಎಷ್ಟು ಹೊತ್ತು ಜಾಗ ಬಿಡುತ್ತಾರೆ, ಗಮನಿಸಿ. ಯಾವ ಬ್ಯಾಂಡ್ ಕೇಳುವಾಗ ಎದ್ದು ಹೋಗೋಕೆ ಮನಸ್ಸಾಗಲ್ಲವೋ, ಆ ಬ್ಯಾಂಡ್ ಕೊಡುವ ದರ್ಜೆಯೇ ನಿಮ್ಮದು.

ಜೊತೆಗೆ ಒಂದು ಆಂಟೆನಾ ಕಟ್ಟಿಡಿ. 14.2 ಮೆಗಾಹರ್ಟ್ಸ್‌ನ ಡೈಪೋಲಿಗೆ (ಎರಡು ಸಮ ತುಂಡಿನ ತಂತಿ ಆಂಟೆನಾ) 143ನ್ನು 14.2ರಿಂದ ಭಾಗಿಸಿ, ಸುಮಾರು 10 ಮೀಟರ್ ತಂತಿ ಬೇಕು. ನಡುವೆ ಕತ್ತರಿಸಿ ಅಲ್ಲಿ ಕೇಬಲ್ ಕೂಡಿಸಿ. ಎರಡೂ ತುದಿಯಲ್ಲಿ ಒಂದೊಂದು ಗೇಣು ಜಾಸ್ತಿ ಬಿಟ್ಟಿರಿ. ಲೈಸೆನ್ಸ್ ಬಂದ ದಿನ, ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ನೋಡುತ್ತಾ, ಎರಡು ಕಡೆಯೂ ಸಮನಾಗಿ, ಬೆರಳಗಲ ಬೆರಳಗಲ ಕತ್ತರಿಸುತ್ತಾ ಬನ್ನಿ.